ಎಡ ಮೊಣಕಾಲು

ಮಾಸ್ತರರು ತೀರಿಕೊಂಡ ಸುದ್ದಿ ಬಂದಾಗ ನಾನು ಹೈಸ್ಕೂಲಿನ ಮಕ್ಕಳ ಚಿತ್ರಗಳಿಗೆ ಅಂಕ ಹಾಕುತ್ತ ಕುಳಿತಿದ್ದೆ. ‘ತಾಯಿ’ ಎಂಬ ವಿಷಯ ಕೊಟ್ಟಿದ್ದೆ. ಮೂವತ್ತು ಹಾಳೆಗಳಲ್ಲಿ ಒಬ್ಬಳೇ ತಾಯಿ. ಮೊಬೈಲ್ ನೋಡಿ ಇಳಿಸಿಕೊಂಡವಳು. ಬೈಯಲು ನನಗೂ ಬಾಯಿಲ್ಲ. ಗದಗಿನ ನಮ್ಮ ಕಲಾಶಾಲೆಯ ಕೊನೆಯ ವರ್ಷ ‘ತಾಯ್ತನ’ ಎಂಬ ಚಿತ್ರಸರಣಿಗೆ ಕೈಹಾಕಿದಾಗ ನಾನು ಮಾಡಿದ್ದೂ ಅದನ್ನೇ. ಆಗ ಮೊಬೈಲ್ ಇರಲಿಲ್ಲ, ಕ್ಯಾಲೆಂಡರ್ ಇತ್ತು, ಅಷ್ಟೇ.

ಯಶೋದೆಯಂಥ ದುಂಡು ಮುಖ, ಮಡಿಲಲ್ಲಿ ಕೂಸು, ಹಿಂದೆ ಹಳದಿ ಬೆಳಕು. ಮಾಸ್ತರರು ನೋಡಿ, “ನಿಮ್ಮ ಅವ್ವ ರೊಟ್ಟಿ ಬಡಿಯುವಾಗ ಯಾವ ಮೊಣಕಾಲು ಎತ್ತಿ ಕೂಡುತ್ತಾಳೆ, ತಮ್ಮಾ?” ಎಂದರು. ಹುಟ್ಟಿದಾಗಿನಿಂದ ಆ ರೊಟ್ಟಿ ತಿಂದವನಿಗೆ ಉತ್ತರ ಹೊಳೆಯಲಿಲ್ಲ.

ಅವರ ಸಿಟ್ಟೆಲ್ಲ ಹೀಗೇ. ಒಮ್ಮೆ ನಾವು ಮೂವರು ಪಕ್ಕದ ಮನೆಯ ಹಗ್ಗದಿಂದ ಇಳಕಲ್ ಸೀರೆ ಕದ್ದು, ಪ್ಲಾಸ್ಟರಿನ ವೀನಸ್ ಪ್ರತಿಮೆಗೆ ಉಡಿಸಿ, ಹಣೆಗೆ ಕಾಸಗಲ ಕುಂಕುಮ ಇಟ್ಟಿದ್ದೆವು. ಮಾಸ್ತರರು ಅವಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ನಿರಿಗೆ ಸರಿಯಾಗಿಲ್ಲ” ಎಂದು ತಾವೇ ತಿದ್ದಿದರು. ಕತ್ತಲಾಗುವವರೆಗೂ ಆ ಮಡಿಕೆಗಳನ್ನು ಇದ್ದಿಲಿನಲ್ಲಿ ಬರೆಸಿದರು. ಸೀರೆಯ ಒಡತಿ ಹುಡುಕಿಕೊಂಡು ಬಂದರೆ, “ಐದು ನಿಮಿಷ ತಡೆಯಿರಿ ತಾಯಿ, ಸೆರಗು ಬಾಕಿ ಇದೆ” ಎಂದುಬಿಟ್ಟರು! ಪಠ್ಯಕ್ರಮದಲ್ಲಿ ಏನೇನಿತ್ತೋ, ಒಂದೂ ನೆನಪಿಲ್ಲ.

ಕ್ಯಾಲೆಂಡರಿನ ಯಶೋದೆ ಮೂಲೆ ಸೇರಿದ ವಾರವೇ ನಮ್ಮನ್ನು ಲಕ್ಕುಂಡಿಗೆ ಕರೆದೊಯ್ದರು. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ನೆರಳಲ್ಲಿ ಕೂರಿಸಿ ಕಥೆ ಹೇಳಿದರು. ಗಂಡ ನಾಗದೇವ ಸತ್ತಾಗ, ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು; ಎಳೆಯ ಮಗನಿದ್ದ ಅತ್ತಿಮಬ್ಬೆ ಉಳಿದಳು. “ಚಿತೆ ಏರಿದವಳನ್ನು ಯಾರು ಬೇಕಾದರೂ ಬರೆದಾರು. ಉಳಿದವಳನ್ನು ಹೇಗೆ ಬರೆಯುತ್ತೀರಿ?” ಮತ್ತೊಂದು ದಿನ ರಟ್ಟು ಹರಿದ ಪುಸ್ತಕವೊಂದರಲ್ಲಿ ಜರ್ಮನಿಯ ಕಲಾವಿದೆ ಕ್ಯಾಥೆ ಕೋಲ್ವಿಟ್ಸ್ 1903ರಲ್ಲಿ ಲೋಹದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಚಿತ್ರ ತೋರಿಸಿದರು: ಸತ್ತ ಮಗುವನ್ನು ಅವುಚಿಕೊಂಡ ತಾಯಿ. ಆ ಕಲಾವಿದೆ ತನ್ನ ಏಳು ವರ್ಷದ ಮಗ ಪೀಟರ್‌ನನ್ನು ತೋಳಲ್ಲಿ ಹಿಡಿದು, ಕನ್ನಡಿಯ ಮುಂದೆ ಕುಳಿತು ಬರೆದದ್ದಂತೆ. ಅದೇ ಪೀಟರ್ 1914ರ ಯುದ್ಧದಲ್ಲಿ ಸತ್ತ. ಅಷ್ಟು ಹೇಳಿ ಮಾಸ್ತರರು ತೊಳೆದ ಕುಂಚವನ್ನೇ ಮತ್ತೆ ತೊಳೆಯುತ್ತ ನಿಂತರು.

ಶನಿವಾರ ಊರಿನ ಬಸ್ ಹತ್ತಿದೆ. ಅಡುಗೆಮನೆಯ ಹೊಸ್ತಿಲಲ್ಲಿ ಸ್ಕೆಚ್ ಪುಸ್ತಕ ಹಿಡಿದು ಕುಳಿತೆ. ಎಡ ಮೊಣಕಾಲು. ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡಿರುತ್ತದಲ್ಲ, ಒಲೆಯ ಝಳಕ್ಕೆ ಬೆವರಿದಾಗಲೆಲ್ಲ ಅವ್ವ ಬಾಗಿ ಆ ಮೊಣಕಾಲಿಗೇ ಹಣೆ ಒರೆಸಿಕೊಳ್ಳುತ್ತಿದ್ದಳು. ಅವಳ ಸೀರೆಗಳೆಲ್ಲ ಅದೊಂದೇ ಕಡೆ ಮಾಸಿರುತ್ತಿದ್ದವು. ಬಟ್ಟೆ ಒಗೆಯುವ ಕಟ್ಟೆಯಿಂದ ಅದೇ ಸೀರೆಗಳನ್ನು ಎಷ್ಟೋ ಸಲ ನಾನೇ ಹೊತ್ತು ತಂದಿದ್ದೆ.

ಐದು ಚಿತ್ರಗಳಾದವು. ಒಂದರಲ್ಲೂ ಕೂಸಿಲ್ಲ. “ಮಗು ಎಲ್ಲಿ?” ಎಂದು ಹೊರಗಿನ ಪರೀಕ್ಷಕರು ಕೇಳಿದಾಗ ನಾನು ತಡವರಿಸಿದೆ. ಆದರೂ ವಾರ್ಷಿಕ ಪ್ರದರ್ಶನದ ಮೊದಲ ಬಹುಮಾನ ಮೊಣಕಾಲಿನ ಚಿತ್ರಕ್ಕೇ ಬಂತು. ಹೇಳಿಕೊಳ್ಳಬಾರದು, ಬಂದದ್ದಂತೂ ನಿಜ. ಅವ್ವ ನೋಡಿ, “ಒಳ್ಳೆಯ ಸೀರೆ ಉಟ್ಟಾಗ ಬರೆಯಬಾರದಿತ್ತೇ?” ಎಂದು ಮುನಿದಳು.

ಹೋದ ತಿಂಗಳು ಹಳೆಯ ವಿದ್ಯಾರ್ಥಿಗಳೆಲ್ಲ ಮಾಸ್ತರರ ಮನೆಗೆ ಹೋಗಿದ್ದೆವು. ಅವರ ಪತ್ನಿ ಟ್ರಂಕಿನಿಂದ ಸ್ಕೆಚ್ ಪುಸ್ತಕಗಳನ್ನು ತೆಗೆದು ಚಾಪೆಯ ಮೇಲೆ ಹರಡಿದರು. ಒಂದರಲ್ಲಿ ಇಳಕಲ್ ಸೀರೆಯ ವೀನಸ್ ನಿಂತಿದ್ದಳು, ಸೆರಗು ಪೂರ್ತಿಯಾಗಿತ್ತು. ಬದಿಯಲ್ಲಿ ತಲೆ ತಗ್ಗಿಸಿ ಕುಳಿತ ಮೂವರು ಹುಡುಗರು. ನನ್ನ ಮೂಗನ್ನು ಮಾತ್ರ ಇದ್ದದ್ದಕ್ಕಿಂತ ದೊಡ್ಡದಾಗಿ ಬರೆದಿದ್ದಾರೆ.