ಗುಡಿಸದ ನೆಲ, ತುಳಿಯುವ ದಾಳಿಂಬೆ

ನಿನ್ನೆ ಮಧ್ಯಾಹ್ನ ಜಗಲಿಯಲ್ಲಿ ಕೂತು ಎರಡು ಬಕ್ಕೆ ಹಲಸು ಬಿಡಿಸಿದೆವು. ನಮ್ಮ ಸಾಗರದ ಕಡೆ ಮಳೆ ಹಿಡಿದರೆ ಗೊತ್ತಲ್ಲ, ಕರೆಂಟು ಬೆಳಿಗ್ಗೆನೇ ಹೋಗಿತ್ತು, ಬೇರೆ ಕೆಲಸವೂ ಇರಲಿಲ್ಲ. ತಿಂದು ಮುಗಿಸೋ ಹೊತ್ತಿಗೆ ಕೆಂಪು ನೆಲದ ತುಂಬಾ ಬೇಳೆ, ನಾರು, ಮೇಣ ಮೆತ್ತಿದ ಪೇಪರ್ ಚೂರು. ಇರುವೆಗಳಂತೂ ಆಗಲೇ ಸಾಲು ಕಟ್ಟಿದ್ದವು. "ಗುಡಿಸೋದು ಬಿಟ್ಟು ಅದೇನು ನೆಲ ನೋಡ್ತಾ ಕೂತಿದ್ದೀಯ ಮಾರಾಯ" ಅಂತ ಅಮ್ಮ ಬೈದಳು.

ನನಗೆ ನೆನಪಾಗಿದ್ದು ರೋಮನ್ನರ ನೆಲ. ಊಟದ ಮನೆಯ ನೆಲಕ್ಕೆ ಅವರು ಬೇಕಂತಲೇ ಇಂಥ ಕಸದ ಚಿತ್ರ ಮಾಡಿಸುತ್ತಿದ್ದರು! 1833ರಲ್ಲಿ ರೋಮ್‌ನ ಅವೆಂಟೈನ್ ಗುಡ್ಡದಲ್ಲಿ ಸಿಕ್ಕ ಅಂಥದ್ದೊಂದು ಮೊಸಾಯಿಕ್ ಈಗ ವ್ಯಾಟಿಕನ್ ಮ್ಯೂಸಿಯಂನಲ್ಲಿದೆ. ಹೆರಾಕ್ಲಿಟಸ್ ಅನ್ನೋ ಕುಶಲಕರ್ಮಿ ತನ್ನ ಹೆಸರನ್ನೂ ಅದರಲ್ಲಿ ಕೂರಿಸಿದ್ದಾನೆ. ದ್ರಾಕ್ಷಿ, ಮೀನಿನ ಮುಳ್ಳು, ಕೋಳಿ ಕಾಲು, ಹಣ್ಣಿನ ಚೂರು, ಮತ್ತೆ ಅಕ್ರೋಟ್ ಚಿಪ್ಪಿಗೆ ಬಾಯಿ ಹಾಕಿರೋ ಒಂದು ಪುಟ್ಟ ಇಲಿ. ಒಂದೊಂದು ಚೂರಿಗೂ ಅದರದೇ ನೆರಳು ಬಿದ್ದಿದೆ. ಎಲ್ಲಾ ಸಣ್ಣ ಸಣ್ಣ ಹರಳು ಜೋಡಿಸಿ ಮಾಡಿದ್ದು. ಕೆಳಗೆ ಬಿದ್ದ ತುತ್ತು ಸತ್ತವರ ಪಾಲು ಎಂಬ ನಂಬಿಕೆ ಇದರ ಹಿಂದಿದೆ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಕಾಗೆ ಕರೆಯೋ ನಮಗೆ ಇದೇನು ಹೊಸದಲ್ಲ ಬಿಡಿ.

ಆದರೆ ನನ್ನ ತಲೆ ಕೊರೆಯೋದು ದಾಳಿಂಬೆ. 1963ರಲ್ಲಿ ಇಂಗ್ಲೆಂಡಿನ ಹಿಂಟನ್ ಸೇಂಟ್ ಮೇರಿ ಎಂಬ ಹಳ್ಳಿಯಲ್ಲಿ ರೋಮನ್ನರ ಕಾಲದ, 4ನೇ ಶತಮಾನದ ಒಂದು ಮೊಸಾಯಿಕ್ ನೆಲ ಸಿಕ್ಕಿತು. ನಡುವೆ ಒಂದು ಮುಖ, ಅದರ ಹಿಂದೆ ಕ್ರಿಸ್ತನ ಹೆಸರಿನ ಗ್ರೀಕ್ ಅಕ್ಷರಗಳು, ಎಡಕ್ಕೊಂದು ಬಲಕ್ಕೊಂದು ದಾಳಿಂಬೆ. ಯಾಕೆ ದಾಳಿಂಬೆ? ಗ್ರೀಕರ ಕತೆಯಲ್ಲಿ ಪರ್ಸೆಫೊನೆ ಪಾತಾಳದಲ್ಲಿ ದಾಳಿಂಬೆ ಕಾಳು ತಿಂದುಬಿಡುತ್ತಾಳೆ, ಅಷ್ಟಕ್ಕೇ ವರ್ಷದಲ್ಲಿ ಕೆಲವು ತಿಂಗಳು ಅಲ್ಲೇ ಇರಬೇಕಾಗುತ್ತದೆ, ಅವಳು ತಾಯಿಯ ಹತ್ತಿರ ವಾಪಸ್ ಬಂದಾಗ ಭೂಮಿ ಚಿಗುರುತ್ತದೆ. ಸಾವೂ ಅದೇ ಹಣ್ಣಲ್ಲಿ, ಮರಳಿ ಬರೋದೂ ಅದೇ ಹಣ್ಣಲ್ಲಿ. ಸತ್ತು ಎದ್ದು ಬಂದ ದೇವರ ಪಕ್ಕಕ್ಕೆ ಇದಕ್ಕಿಂತ ಒಪ್ಪುವ ಹಣ್ಣು ಇನ್ಯಾವುದಿದೆ?

ಸರಿ, ಆದರೆ ನೆಲದ ಮೇಲೆ? ತುಳಿಯೋ ಜಾಗದಲ್ಲಿ? ನಮ್ಮ ಕಡೆ ದೀವರ ಹೆಣ್ಣುಮಕ್ಕಳು ಮದುವೆಗೆ ಹಸೆ ಚಿತ್ತಾರ ಬರೆಯೋದು ಗೋಡೆ ಮೇಲೆ, ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ರಂಗೋಲಿ ನೆಲದ್ದೇ ನಿಜ, ಆದರೆ ಅದನ್ನ ತುಳಿದರೆ ಅಜ್ಜಿ ಸುಮ್ನೆ ಬಿಡ್ತಾಳಾ? ಅಲ್ಲಿಯವರಿಗೂ ಆಮೇಲೆ ಇದು ಕಾಡಿರಬೇಕು. 427ರಲ್ಲಿ ರೋಮನ್ ಚಕ್ರವರ್ತಿ ಎರಡನೇ ಥಿಯೋಡೋಸಿಯಸ್, ಕ್ರಿಸ್ತನ ಗುರುತನ್ನು ನೆಲದ ಮೇಲೆ ಯಾರೂ ಕೆತ್ತಬಾರದು, ಬರೆಯಬಾರದು ಅಂತ ಕಾನೂನು ಹೊರಡಿಸಿದ.

ಹಣ್ಣಿನ ಮರಗಳಿಗೆ ಮಾತ್ರ ಯಾವ ತಡೆಯೂ ಇರಲಿಲ್ಲ. ಅದಾಗಿ ನೂರು ವರ್ಷ ಕಳೆದರೂ ಜೋರ್ಡಾನಿನ ಮಾದಬಾ ಸುತ್ತಮುತ್ತಲಿನ ಚರ್ಚ್ ನೆಲಗಳಲ್ಲಿ ಅವು ಇವೆ, ಹಣ್ಣು ಹೊತ್ತುಕೊಂಡು, ಸ್ವರ್ಗದ ತೋಟದ ಹಾಗೆ. ಭಕ್ತರು ಅದರ ಮೇಲೇ ಓಡಾಡಿದರು.

ಅಷ್ಟರಲ್ಲಿ ಅಮ್ಮ ಎರಡನೇ ಸಲ ಕೂಗಿದಳು. ಹುಳಿಗೆ ಅಂತ ಬೇಳೆ ಆರಿಸಿ ಬುಟ್ಟಿಗೆ ಹಾಕಿದೆ, ಸಿಪ್ಪೆ ಕೊಟ್ಟಿಗೆಗೆ ಹೋಯಿತು, ಉಳಿದದ್ದು ಪೊರಕೆಗೆ. ರಾತ್ರಿ ಮಲಗಿದಾಗ ಅಟ್ಟದ ಮೇಲೆ ಏನೋ ಕಟಕಟ ಅಂತಿತ್ತು. ಒಂದು ಬೇಳೆ ಅದಕ್ಕೂ ಸಿಕ್ಕಿದೆ.