ಮಗು ಆಟದಲ್ಲಿ ಏನು ಮಾಡುತ್ತದೋ ಅದನ್ನೇ ಕಲಿಯುತ್ತದೆ

ಹಾವು ಏಣಿಯ ಹಳೆಯ ರೂಪವಾದ ಜ್ಞಾನ ಚೌಪಡದಲ್ಲಿ ಏಣಿಯ ಬುಡಕ್ಕೆ ಒಂದೊಂದು ಸದ್ಗುಣದ ಹೆಸರು, ಹಾವಿನ ತಲೆಗೆ ಒಂದೊಂದು ದುರ್ಗುಣದ ಹೆಸರು ಇರುತ್ತಿತ್ತು. ಮೌಲ್ಯ ಕಲಿಸುತ್ತೇವೆ ಎಂದುಕೊಂಡು ಬರುವ ಇಂದಿನ ಬೋರ್ಡ್ ಆಟಗಳಲ್ಲೂ ಇದೇ ಉಪಾಯ. ತೊಡಕೇನೆಂದರೆ, ದಾನದ ಮನೆಗೆ ಬಂದ ಮಗು ದಾನ ಮಾಡಿ ಬಂದಿರುವುದಿಲ್ಲ, ಗರ ಬಿದ್ದು ಬಂದಿರುತ್ತದೆ. ಬೋರ್ಡಿನ ಮೇಲೆ ಏನೇ ಬರೆದಿರಲಿ, ಮಗು ಕಲಿಯುವುದು ಆಟ ತನ್ನಿಂದ ಮತ್ತೆ ಮತ್ತೆ ಏನು ಮಾಡಿಸುತ್ತದೋ ಅದನ್ನು. ಹಾಗಾಗಿ ಆಟ ಆರಿಸುವಾಗ ಡಬ್ಬಿಯ ಮೇಲಿನ ಬರಹ ಬಿಟ್ಟು ನಿಯಮ ನೋಡಿ.

ಮಾಮೂಲಿ ಹಾವು ಏಣಿಯಲ್ಲಿ ಮಗು ಮಾಡುವುದು ಮೂರೇ ಕೆಲಸ: ಸರದಿ ಕಾಯುವುದು, ಎಣಿಸುವುದು, ಕೆಳಗೆ ಜಾರಿದಾಗ ತಡೆದುಕೊಳ್ಳುವುದು. ನಾಲ್ಕೈದು ವರ್ಷದವರಿಗೆ ಇಷ್ಟು ಸಾಕು. ಗೆದ್ದಾಗ 'ಜಾಣ' ಎಂದು ಹೊಗಳಬೇಡಿ. ಗೆಲುವಿನಲ್ಲಿ ಜಾಣತನದ ಪಾಲು ಸೊನ್ನೆ. ಹಾಗೆ ಹೊಗಳಿಸಿಕೊಂಡ ಮಗು ಮರುದಿನ ಸೋತಾಗ ತಾನು ದಡ್ಡ ಎಂದುಕೊಳ್ಳುತ್ತದೆ. ಇನ್ನೊಂದು ವಿಷಯ, ಈ ವಯಸ್ಸಿನ ಮಕ್ಕಳು ಕಾಯಿ ನಿಂತಿರುವ ಮನೆಯನ್ನೇ 'ಒಂದು' ಎಂದು ಎಣಿಸಿಬಿಡುತ್ತಾರೆ. ನೋಡುವವರಿಗೆ ಅದು ಮೋಸದಂತೆ ಕಾಣುತ್ತದೆ. ಗದರುವ ಮೊದಲು ಗಮನಿಸಿ: ನಷ್ಟವಾಗುವಾಗಲೂ ಹಾಗೇ ಎಣಿಸಿದರೆ ಅದು ಎಣಿಕೆಯ ತಪ್ಪು. ಬೆರಳನ್ನು ಮುಂದಿನ ಮನೆಯ ಮೇಲಿಟ್ಟು ಎಣಿಕೆ ಶುರು ಮಾಡಿಸಿದರೆ ಸರಿಹೋಗುತ್ತದೆ.

ಏಳೆಂಟು ವರ್ಷಕ್ಕೆ ಅದೇ ಬೋರ್ಡನ್ನು ನಿರ್ಧಾರದ ಆಟ ಮಾಡಬಹುದು. ಎರಡು ದಾಳ ಎಸೆಯಲಿ, ಬಿದ್ದ ಎರಡರಲ್ಲಿ ಒಂದನ್ನು ಮಾತ್ರ ಆರಿಸಿ ನಡೆಯಲಿ. 2 ಮತ್ತು 5 ಬಿದ್ದು, ಕಾಯಿ ನಿಂತಲ್ಲಿಂದ ಐದನೇ ಮನೆಯಲ್ಲಿ ಹಾವಿದ್ದರೆ ಮಗು ಮೊದಲ ಬಾರಿಗೆ ದೊಡ್ಡ ಸಂಖ್ಯೆಯ ಆಸೆ ಬಿಟ್ಟು ಚಿಕ್ಕದನ್ನು ಆರಿಸುತ್ತದೆ. ಶುರುವಿನಲ್ಲಿ ಯೋಚಿಸದೆ ದೊಡ್ಡದನ್ನೇ ಹಿಡಿದು ಹಾವಿನ ಬಾಯಿಗೆ ಬೀಳುತ್ತಾರೆ. ಬೀಳಲಿ ಬಿಡಿ, ಪಕ್ಕದಲ್ಲಿ ಕೂತು ಸನ್ನೆ ಮಾಡಿದರೆ ನಿರ್ಧಾರ ನಿಮ್ಮದಾಗುತ್ತದೆ.

ಲೂಡೋದಲ್ಲಿ ಅಳು ಶುರುವಾಗುವ ಜಾಗ ಒಂದೇ, ಕಾಯಿ ಹೊರಗೆ ತರಲು ಆರು ಬೀಳಬೇಕೆಂಬ ನಿಯಮ. ಹತ್ತು ಸರದಿ ಎಸೆದರೂ ಆರು ಬೀಳದಿರುವ ಸಾಧ್ಯತೆ ಸುಮಾರು ಶೇ. 16. ಅಷ್ಟು ಹೊತ್ತು ಸುಮ್ಮನೆ ಕೂರುವುದು ದೊಡ್ಡವರಿಗೂ ಕಷ್ಟ. ಒಂದು ಅಥವಾ ಆರು ಬಿದ್ದರೂ ಕಾಯಿ ಹೊರಗೆ ಬರಬಹುದು ಎಂದು ಮಾಡಿದರೆ ಅದು ಶೇ. 2ಕ್ಕಿಂತ ಕೆಳಗಿಳಿಯುತ್ತದೆ. ತಾಳ್ಮೆಗೆ ಸ್ವಲ್ಪ ಕಾಯಿಸಿದರೆ ಸಾಕು, ಬೇಸತ್ತು ಎದ್ದುಹೋಗುವಷ್ಟು ಕಾಯಿಸಬೇಕಿಲ್ಲ.

ಇನ್ನು ಗುಂಪಿನ ಆಟಗಳು. ಇಲ್ಲಿ ನನ್ನ ದೊಡ್ಡ ತಕರಾರು 'ಔಟ್' ಎಂಬ ನಿಯಮದ ಬಗ್ಗೆ. ಹಾಡು ನಿಂತಾಗ ಕದಲದೆ ನಿಲ್ಲುವ ಸ್ಟ್ಯಾಚ್ಯೂ ಆಟ ತೆಗೆದುಕೊಳ್ಳಿ. ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವ ಅಭ್ಯಾಸಕ್ಕೆ ಇದರಷ್ಟು ಸುಲಭದ ಆಟ ಇನ್ನೊಂದಿಲ್ಲ. ಆದರೆ ಮೊದಲು ಔಟಾಗಿ ಗೋಡೆ ಬದಿ ಕೂರುವವರು ಯಾರು? ಆ ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕಾದ ಮಕ್ಕಳೇ. ಕೊನೆಯವರೆಗೆ ಆಡುವವರು ಅದು ಆಗಲೇ ಬರುವ ಮಕ್ಕಳು. ಕದಲಿದವರು ಕೂರುವ ಬದಲು ಆಟ ಶುರು ಮಾಡಿದ ಗೆರೆಗೆ ವಾಪಸ್ ಹೋಗಿ ಮತ್ತೆ ಸೇರಿಕೊಳ್ಳಲಿ. ಹತ್ತರಿಂದ ಇಪ್ಪತ್ತು ಸೆಕೆಂಡು ಹಾಡು, ಐದು ಸೆಕೆಂಡು ಮೌನ. ಇಡೀ ಆಟ ಹತ್ತು ನಿಮಿಷ ಮೀರದಿರಲಿ. ಅಂತರ ಒಂದೇ ಸಮ ಇರಬಾರದು, ಮಕ್ಕಳು ಬೇಗ ಲೆಕ್ಕ ಹಿಡಿಯುತ್ತಾರೆ. ಪಳಗಿದ ಮೇಲೆ ನಿಯಮ ತಿರುಗಿಸಿ: ವೇಗದ ಹಾಡಿಗೆ ನಿಧಾನ ಕುಣಿತ, ನಿಧಾನದ ಹಾಡಿಗೆ ವೇಗದ ಕುಣಿತ. ನಿಜವಾದ ಕಸರತ್ತು ಶುರುವಾಗುವುದು ಇಲ್ಲಿ.

ಮ್ಯೂಸಿಕಲ್ ಚೇರ್‌ಗೂ ಇದೇ ಚಿಕಿತ್ಸೆ. ಎಂಟು ಮಕ್ಕಳಿದ್ದರೆ ನೆಲದ ಮೇಲೆ ಎಂಟು ಹಾಳೆ ನ್ಯೂಸ್‌ಪೇಪರ್ ಹಾಸಿ. ಪ್ರತಿ ಸುತ್ತಿಗೆ ಒಂದು ಹಾಳೆ ತೆಗೆಯಿರಿ, ಮಕ್ಕಳನ್ನು ತೆಗೆಯಬೇಡಿ. ಹಾಡು ನಿಂತಾಗ ಎಲ್ಲರ ಒಂದು ಪಾದವಾದರೂ ಯಾವುದಾದರೂ ಹಾಳೆಯ ಮೇಲಿರಬೇಕು, ಒಬ್ಬರು ಹೊರಗುಳಿದರೂ ಎಲ್ಲರೂ ಸೋತಂತೆ. ನುಣುಪು ನೆಲದಲ್ಲಿ ಹಾಳೆ ಜಾರುತ್ತದೆ, ನಾಲ್ಕು ಮೂಲೆಗೂ ಟೇಪ್ ಹಚ್ಚಿ. ಕುರ್ಚಿ ಬೇಡ, ಇಬ್ಬರು ಹತ್ತಿದರೆ ಮಗುಚುತ್ತದೆ. ಮೂರು ಹಾಳೆ ಉಳಿದಾಗ ನಿಲ್ಲಿಸಿ, ಅಲ್ಲಿಂದಾಚೆ ತಳ್ಳಾಟವೇ. ಜೋರು ಮಗುವೊಂದು 'ನೀನಿಲ್ಲಿ, ನೀನಲ್ಲಿ' ಎಂದು ಎಲ್ಲರನ್ನೂ ಆಳತೊಡಗಿದರೆ, ಮುಂದಿನ ಸುತ್ತು ಮಾತಿಲ್ಲದೆ ಆಡಬೇಕೆಂದು ಹೇಳಿ. ಮೈ ತಾಗುವುದು ಇಷ್ಟವಿಲ್ಲದ ಮಗು ಇದ್ದರೆ ಹಾಡು ನಿಲ್ಲಿಸುವ ಕೆಲಸ ಅದಕ್ಕೇ ಕೊಡಿ.

ಬೇಕೆಂದೇ ಸೋತುಕೊಡುವುದು ಬೇಡ. ಐದಾರು ವರ್ಷದವರಿಗೂ ಅದು ಗೊತ್ತಾಗುತ್ತದೆ. ಚೆಸ್‌ನಲ್ಲಿ ಮಗುವಿನ ಎದುರೇ ನಿಮ್ಮ ರಾಣಿಯನ್ನು ತೆಗೆದಿಟ್ಟು, ಉಳಿದ ಕಾಯಿಗಳಿಂದ ಗೆಲ್ಲಲು ಮನಸ್ಸಿಟ್ಟು ಆಡಿ. ಮಗು ಸತತವಾಗಿ ಮೂರು ಆಟ ಗೆದ್ದರೆ ರಾಣಿ ಬದಲು ಆನೆ ತೆಗೆದಿಡಿ. ತಾನೆಷ್ಟು ಮುಂದೆ ಬಂದೆ ಎಂಬುದು ಅದಕ್ಕೇ ಕಾಣುತ್ತದೆ.

ಆಟ ಮುಗಿದ ಮೇಲೆ ಎರಡು ನಿಮಿಷದ ಮಾತು ಸಾಕು. 'ಇದರಿಂದ ಏನು ಕಲಿತಿರಿ?' ಎಂದು ಕೇಳಿದರೆ 'ಒಗ್ಗಟ್ಟಲ್ಲಿ ಬಲವಿದೆ' ಎಂಬ ಸಿದ್ಧ ಉತ್ತರ ಬರುತ್ತದೆ, ನಿಮ್ಮನ್ನು ಮೆಚ್ಚಿಸಲು. 'ಯಾವಾಗ ಸಿಟ್ಟು ಬಂತು? ಆಗ ಏನು ಮಾಡಿದೆ?' ಎಂದು ಕೇಳಿ. ಉತ್ತರ ಬರದಿದ್ದರೆ ಕೆದಕಬೇಡಿ. ಸೋತು ಮುಖ ಊದಿಸಿಕೊಂಡಿರುವಾಗಲಂತೂ ಏನೂ ಕೇಳಬೇಡಿ. ದಾಳ, ಕಾಯಿ ಎತ್ತಿಡುವ ಕೆಲಸ ಕೊಡಿ, ಮಾತು ಸಂಜೆಗಿರಲಿ. ಒಂದೇ ಆಟವನ್ನು ಎರಡು ಮೂರು ವಾರ ಆಡಿಸಿ, ನಿಯಮದಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಮಕ್ಕಳ ಗಮನವೆಲ್ಲ ನಿಯಮ ನೆನಪಿಟ್ಟುಕೊಳ್ಳುವುದಕ್ಕೇ ಹೋಗುತ್ತದೆ.