ಅಡಿಕೆ ಮರ ಹಾವಿನ ಹಾಗೆ ಬಳುಕಿದ ವಿಡಿಯೋ

ನಾನು ದಾವಣಗೆರೆಯಲ್ಲಿ ಒಂದು ಸಣ್ಣ ಡ್ರೋನ್ ವರ್ಕ್‌ಶಾಪಿನಲ್ಲಿ ರಿಪೇರಿ ಕೆಲಸ ಮಾಡುತ್ತೇನೆ. ಕಳೆದ ಬೇಸಿಗೆಯಲ್ಲಿ ಚನ್ನಗಿರಿ ಕಡೆಯ ಹುಡುಗನೊಬ್ಬ ತಾನೇ ಜೋಡಿಸಿದ, ನಾಲ್ಕು ತೋಳಿನ ಎಫ್450 ಫ್ರೇಮಿನ ಡ್ರೋನ್ ತಂದ. ಜೊತೆಗೆ ಒಂದು ಅಗ್ಗದ ಆಕ್ಷನ್ ಕ್ಯಾಮೆರಾ. "ಇದನ್ನ ಮುಂದೆ ಕೂರಿಸಿಕೊಡಿ ಸರ್, ನಮ್ಮ ತೋಟ ಮೇಲಿಂದ ಹೇಗೆ ಕಾಣುತ್ತೆ ಅಂತ ಅಪ್ಪನಿಗೆ ತೋರಿಸ್ಬೇಕು" ಅಂದ. ಅರ್ಧ ದಿನದ ಕೆಲಸ ಅಂದುಕೊಂಡೆ. ನಾಲ್ಕು ದಿನ ಹಿಡಿಯಿತು.

ಮೊದಲ ದಿನವೇ ಕ್ಯಾಮೆರಾ ಕೂರಿಸಿ, ಅವನ ತೋಟದ ಅಂಚಿನಲ್ಲಿ ಮರದ ಅರ್ಧ ಎತ್ತರಕ್ಕೆ ಹಾರಿಸಿದೆವು. ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ನೇರವಾಗಿ ನಿಂತ ಅಡಿಕೆ ಮರಗಳೆಲ್ಲ ಹಾವಿನ ಹಾಗೆ ಬಳುಕುತ್ತಿದ್ದವು. ತಟ್ಟೆಯಲ್ಲಿಟ್ಟ ಹಾಲುಬಾಯಿಯನ್ನು ಅಲುಗಿಸಿದರೆ ನಡುಗುತ್ತಲ್ಲ, ಇಡೀ ಚಿತ್ರ ಹಾಗೆ ನಡುಗುತ್ತಿತ್ತು. ಡ್ರೋನ್ ಹಾರಿಸುವವರು ಇದಕ್ಕೆ ಜೆಲ್ಲೋ ಅಂತಾರೆ.

ಕಾರಣ ಸರಳ. ಈ ಕ್ಯಾಮೆರಾಗಳ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ. ಮೇಲಿನ ಸಾಲಿನಿಂದ ಶುರುಮಾಡಿ ಒಂದೊಂದೇ ಸಾಲು ಓದುತ್ತಾ ಕೆಳಗೆ ಬರುತ್ತದೆ. 10 ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗುತ್ತದೆ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ 80ಕ್ಕೂ ಜಾಸ್ತಿ. ಅದರಲ್ಲಿ ಸ್ವಲ್ಪ ತೂಕದ ಏರುಪೇರು ಇದ್ದರೂ ಕ್ಯಾಮೆರಾ ಅಷ್ಟೇ ಸಲ ಅಲುಗುತ್ತದೆ. ಮೇಲಿನ ಸಾಲು ಓದುವಾಗ ಕ್ಯಾಮೆರಾ ಒಂದು ಕಡೆ, ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಇನ್ನೊಂದು ಕಡೆ. ಮರ ಬಳುಕದೆ ಇನ್ನೇನು ಮಾಡೀತು?

ಇಷ್ಟು ಗೊತ್ತಿದ್ದೂ ನಾನು ಮಾಡಿದ ತಪ್ಪು ಇದು: ಎರಡು ದಿನ ಪೂರ್ತಿ ಕ್ಯಾಮೆರಾದ ಸುತ್ತಲೇ ಓಡಾಡಿದೆ. ಕ್ಯಾಮೆರಾಗೆ ನಡುಕ ತಟ್ಟದಿರಲೆಂದು ಹಾಕುವ ರಬ್ಬರ್ ಗುಂಡು ಬದಲಿಸಿದೆ. ಫೋಮ್ ಇಟ್ಟೆ. ವೆಲ್ಕ್ರೋ ಸುತ್ತಿದೆ. ಪ್ರತಿ ಸಲ ನಡುಕ ಬೇರೆ ಥರ ಕಂಡಿತೇ ಹೊರತು ಹೋಗಲಿಲ್ಲ. ಹುಡುಗ ಪಕ್ಕದಲ್ಲಿ ಸುಮ್ನೆ ಕೂತು ನೋಡುತ್ತಿದ್ದ. ಬೇಜಾರಾಗುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಕ್ಯಾಮೆರಾ ಬಿಚ್ಚಿ ಪಕ್ಕಕ್ಕಿಟ್ಟೆ. ಬರೀ ಡ್ರೋನ್ ಹಾರಿಸಿ ಅದರ ಲಾಗ್, ಅಂದರೆ ಹಾರಾಟದ ದಾಖಲೆ, ತೆಗೆದೆ. ಡ್ರೋನ್ ಹಾರಾಟ ನಿಯಂತ್ರಿಸಲು ಅವನು ಹಾಕಿದ್ದ ಸಾಫ್ಟ್‌ವೇರ್ ಆರ್ಡುಪೈಲಟ್. ಅದರಲ್ಲಿ ವೈಬ್ರೇಷನ್, ಅಂದರೆ ಡ್ರೋನ್ ಎಷ್ಟು ನಡುಗುತ್ತಿದೆ ಅನ್ನುವ ಅಂಕಿ ದಾಖಲಾಗುತ್ತದೆ. 30ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ, 60 ದಾಟಿದರೆ ತೊಂದರೆ ಬಹುತೇಕ ಗ್ಯಾರಂಟಿ. ನಮ್ಮದು 45ರ ಹತ್ತಿರ ಕುಣಿಯುತ್ತಿತ್ತು. ಕ್ಯಾಮೆರಾ ಇಲ್ಲದೇನೇ! ಮೊದಲ ದಿನ ಹತ್ತು ನಿಮಿಷ ಕೊಟ್ಟು ಇದನ್ನು ನೋಡಿದ್ದರೆ ಎರಡು ದಿನ ಉಳಿಯುತ್ತಿತ್ತು.

ಆಮೇಲೆ ಪ್ರೊಪೆಲ್ಲರ್ ಎಲ್ಲಾ ತೆಗೆದು, ಒಂದೊಂದೇ ಮೋಟರ್ ತಿರುಗಿಸಿ, ಅದರ ತೋಳಿನ ಮೇಲೆ ಬೆರಳಿಟ್ಟು ನೋಡಿದೆ. ಮೂರು ಮೋಟರ್ ತಣ್ಣಗೆ ತಿರುಗಿದವು. ಹಿಂದಿನ ಎಡಗಡೆಯದು ಮಾತ್ರ ಬೆರಳಿಗೆ ಜುಮ್ ಅಂತು. ಅದರ ಶಾಫ್ಟ್, ಅಂದರೆ ತಿರುಗುವ ನಡುಕಡ್ಡಿ, ಕೂದಲೆಳೆಯಷ್ಟು ಬಾಗಿತ್ತು. "ಒಂದ್ಸಲ ಬಿದ್ದಿತ್ತು ಸರ್, ಆದ್ರೆ ಹಾರ್ತಿತ್ತಲ್ಲ" ಅಂದ ಹುಡುಗ. ಮೋಟರ್ ಬದಲಿಸಿದೆ.

ಪ್ರೊಪೆಲ್ಲರುಗಳನ್ನು ಒಂದೊಂದಾಗಿ, ಅವುಗಳ ತೂಕದ ಏರುಪೇರು ತೋರಿಸುವ ಬ್ಯಾಲೆನ್ಸರಿಗೆ ಹಾಕಿದೆ. ಭಾರದ ರೆಕ್ಕೆ ನಿಧಾನಕ್ಕೆ ಕೆಳಗೆ ವಾಲುತ್ತದೆ. ಎದುರಿನ ಹಗುರ ರೆಕ್ಕೆಗೆ ಉಗುರಿನಷ್ಟು ಸೆಲೋಟೇಪ್ ಅಂಟಿಸಬೇಕು, ಮತ್ತೆ ನೋಡಬೇಕು, ಟೇಪ್ ಕತ್ತರಿಸಬೇಕು, ಮತ್ತೆ ನೋಡಬೇಕು. ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವವರೆಗೆ. ನನಗೆ ಈ ಕೆಲಸ ತುಂಬಾ ಇಷ್ಟ. ನಾಲ್ಕಕ್ಕೆ ಒಂದೂವರೆ ಗಂಟೆ ಹಿಡಿಯಿತು. ಮತ್ತೆ ಹಾರಿಸಿದರೆ ಲಾಗಿನಲ್ಲಿ ಅಂಕಿ 15ರ ಆಸುಪಾಸು.

ಈಗ ಕ್ಯಾಮೆರಾಗೆ ಬಂದೆ. ಅವನು ತಂದಿದ್ದ ಡ್ಯಾಂಪರ್ ಪ್ಲೇಟು, ಅಂದರೆ ಆ ರಬ್ಬರ್ ಗುಂಡುಗಳಿರುವ ತಟ್ಟೆ, ಗೋಪ್ರೋದಂಥ 150 ಗ್ರಾಂ ಆಸುಪಾಸಿನ ಕ್ಯಾಮೆರಾಗೆ ಮಾಡಿದ್ದು. ಇವನದು ಬ್ಯಾಟರಿ ಸೇರಿ 60 ಗ್ರಾಂ. ಇಷ್ಟು ಹಗುರದ ಕ್ಯಾಮೆರಾ ಆ ಗಟ್ಟಿ ರಬ್ಬರ್ ಗುಂಡುಗಳನ್ನು ಸ್ವಲ್ಪವೂ ಒತ್ತುವುದಿಲ್ಲ. ಸ್ಕ್ರೂ ಹಾಕಿ ಬಿಗಿದಂತೆಯೇ ಆಗುತ್ತದೆ. ಮೆತ್ತನೆಯ ಗುಂಡು ಹಾಕಿದೆ. ನೀರು ಹೋಗದ ಡಬ್ಬಿ ತೆಗೆದು ಬರೀ ಫ್ರೇಮ್ ಉಳಿಸಿಕೊಂಡೆ. ಗುಂಡು ಜಾರಿದರೂ ಕ್ಯಾಮೆರಾ ಯಾರ ತಲೆ ಮೇಲೂ ಬೀಳದಂತೆ ನೈಲಾನ್ ದಾರ ಕಟ್ಟಿದೆ. ಈ ದಾರ ಇಲ್ಲದೆ ನಾನು ಯಾರಿಗೂ ಡ್ರೋನ್ ವಾಪಸ್ ಕೊಡುವುದಿಲ್ಲ.

ಮುಂದೆ ಭಾರ ಬಂದರೆ ಹಿಂದೆ ಸರಿದೂಗಿಸಬೇಕು, ಅಲ್ವಾ? ಪ್ಲೇಟು ಸೇರಿ 100 ಗ್ರಾಂ, ನಡುವಿನಿಂದ 14 ಸೆಂ.ಮೀ. ಮುಂದೆ. ಬ್ಯಾಟರಿ 350 ಗ್ರಾಂ. ಅದನ್ನು 4 ಸೆಂ.ಮೀ. ಹಿಂದೆ ಸರಿಸಿದರೆ ಲೆಕ್ಕ ಸಮ. ಎರಡೂ ಕಡೆ ಬೆರಳಿಟ್ಟು ಎತ್ತಿದಾಗ ಡ್ರೋನ್ ಮಟ್ಟಸವಾಗಿ ನಿಂತಿತು. ಇದನ್ನು ಬಿಟ್ಟರೆ ಮುಂದಿನ ಎರಡು ಮೋಟರ್ ಹಾರಿದಷ್ಟು ಹೊತ್ತೂ ಹೆಚ್ಚು ದುಡಿದು ಬಿಸಿಯಾಗುತ್ತವೆ.

ಕ್ಯಾಮೆರಾದ ವೈಫೈ ಆಫ್ ಮಾಡಿಸಿದೆ. ಅದೂ ರಿಮೋಟೂ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಮಾತಾಡುತ್ತವೆ. ಮೊಬೈಲಲ್ಲಿ ನೋಡುವ ಆಸೆಗೆ ರಿಮೋಟಿನ ಹಿಡಿತ ಕಳೆದುಕೊಳ್ಳೋದು ಬೇಡ.

ಇಷ್ಟಾದರೂ ಮಧ್ಯಾಹ್ನದ ಬಿಸಿಲಲ್ಲಿ ಸಣ್ಣ ನಡುಕ ಉಳಿದಿತ್ತು. ಬೆಳಕು ಜಾಸ್ತಿಯಾದರೆ ಕ್ಯಾಮೆರಾ ಶಟರನ್ನು ತಾನೇ ವೇಗ ಮಾಡಿಕೊಳ್ಳುತ್ತದೆ, ಅಂದರೆ ಪ್ರತಿ ಚಿತ್ರಕ್ಕೆ ಬೆಳಕು ಹಿಡಿಯುವ ಹೊತ್ತನ್ನು ಕಡಿಮೆ ಮಾಡುತ್ತದೆ, ಆಗ ಪ್ರತಿ ಅಲುಗಾಟವೂ ಚೂಪಾಗಿ ಮೂಡುತ್ತದೆ. ಅಗ್ಗದ ಕ್ಯಾಮೆರಾದಲ್ಲಿ ಶಟರ್ ನಮ್ಮ ಕೈಗೆ ಸಿಗುವುದಿಲ್ಲ. ಲೆನ್ಸ್ ಮುಂದೆ ಕಪ್ಪು ಕನ್ನಡಕದಂಥ ಎನ್‌ಡಿ8 ಫಿಲ್ಟರ್ ಇಟ್ಟೆ. ಬೆಳಕು ಎಂಟನೇ ಒಂದು ಭಾಗಕ್ಕೆ ಇಳಿಯಿತು, ಶಟರ್ ನಿಧಾನವಾಯಿತು. ಇದು ನಡುಕವನ್ನು ಮರೆಮಾಡುತ್ತದೆ ಅಷ್ಟೆ, ಹಾಗಾಗಿ ಕೊನೆಗೆ ಇಡಬೇಕು. ಮೊದಲೇ ಇಟ್ಟಿದ್ದರೆ ಆ ಬಾಗಿದ ಶಾಫ್ಟ್ ನನಗೆ ಸಿಗುತ್ತಲೇ ಇರಲಿಲ್ಲ.

ನಾಲ್ಕನೇ ದಿನ ಸಂಜೆ ಅವರ ಮನೆಯ ಜಗಲಿಯಲ್ಲಿ ಕೂತು ವಿಡಿಯೋ ಹಾಕಿದೆವು. ಮರಗಳು ನೆಟ್ಟಗೆ ನಿಂತಿದ್ದವು. ಹುಡುಗನ ಅಪ್ಪ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಅಲ್ಲಿ ನಿಲ್ಸು" ಅಂದರು. ಪರದೆಯ ಮೂಲೆಯಲ್ಲಿ, ಕಾಲುವೆ ಪಕ್ಕದ ಸಾಲಿನಲ್ಲಿ, ಮೂರು ಮರದ ಸೋಗೆ ಹಳದಿಯಾಗಿದ್ದವು. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು ತೋಟದ ಕಡೆ ಹೊರಟರು.